ಕ್ಲಾಪ್ ಹಲಗೆಯ ಸಿಟ್ಟು

ಹಳೆಯ ಟಾಕೀಸನ್ನು ಕೆಡವುವ ದಿನ ಅದರ ಬಗ್ಗೆ ಒಂದು ಕಿರುಚಿತ್ರ ತೆಗೆಯಲು ಕಾಲೇಜು ಹುಡುಗರು ಬಂದರು. ಹೆಸರಿಡದೆ ಮುಹೂರ್ತವಿಲ್ಲವೆಂದು ಕ್ಲಾಪ್ ಹಲಗೆಯ ಮೇಲೆ 'ಖಾಲಿ ಕುರ್ಚಿಗಳ ಮೌನ' ಎಂದು ಬರೆದರು. ಜಗಳವಾಡಿ ಒರೆಸಿದರು. 'ಮೌನದ ಖಾಲಿ ಕುರ್ಚಿಗಳು' ಎಂದು ಬರೆದರು. ಅದನ್ನೂ ಒರೆಸಿದರು.

ಹಲಗೆಗೆ ಮೈಯೆಲ್ಲ ಉರಿಯಿತು. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದಾರೆ! ಅತ್ತ ಜೆಸಿಬಿ ಗೋಡೆ ಕೆಡವುತ್ತಿದೆ. ಕ್ಯಾಮೆರಾ, ನೀನಾದರೂ ಕಣ್ಣು ಬಿಡಯ್ಯಾ!"

"ಕ್ಲಾಪ್ ಆಗದೆ ಕಣ್ಣು ಬಿಡುವುದು ನಮ್ಮ ಪದ್ಧತಿಯಲ್ಲ," ಎಂದಿತು ಕ್ಯಾಮೆರಾ.

"ಪದ್ಧತಿಗೆ ಬೆಂಕಿ ಬೀಳಲಿ! ಪರದೆ ಹರಿಯುತ್ತಿದೆ, ಬಾಲ್ಕನಿ ಬೀಳುತ್ತಿದೆ. ನಾಳೆ ಇದನ್ನೆಲ್ಲ ಯಾರು ತೋರಿಸುತ್ತಾರೆ?"



ಸಂಜೆಗೆ ಹೆಸರು ಒಪ್ಪಿಗೆಯಾಯಿತು. ಹುಡುಗರು ಚಪ್ಪಾಳೆ ತಟ್ಟಿ ತೆಂಗಿನಕಾಯಿ ಒಡೆದರು. ಹೆಸರು ಬರೆದ ಹಲಗೆಯನ್ನು ಕ್ಯಾಮೆರಾ ಮುಂದೆ ಹಿಡಿದು ಕ್ಲಾಪ್ ಹೊಡೆದರು. ಕ್ಯಾಮೆರಾ ಕಣ್ಣು ಬಿಟ್ಟಿತು.

"ಆಹಾ, ಎಂಥ ಹೆಸರು!" ಎಂದಿತು.

"ಹೆಸರು ಹಾಳಾಗಲಿ, ನನ್ನ ಹಿಂದೆ ಏನಿದೆ ನೋಡು," ಎಂದು ಹಲಗೆ ಸಿಡುಕುತ್ತಾ ಪಕ್ಕಕ್ಕೆ ಸರಿಯಿತು.

ಟಾಕೀಸು ಇದ್ದ ಜಾಗ ಬಯಲಾಗಿ ಧೂಳೊಂದೇ ಏಳುತ್ತಿತ್ತು. ಕ್ಯಾಮೆರಾ ಅತ್ತ ನೋಡಿತು.

"ಮತ್ತೆ ಅಡ್ಡ ಬಂದು ನಿಲ್ಲು ಮಾರಾಯ," ಎಂದಿತು. "ನಮ್ಮ ಹತ್ತಿರ ಇರುವ ಸಿನಿಮಾ ನೀನೊಬ್ಬನೇ."