ಅಳತೆಕೋಲು ಮತ್ತು ಎಡಹೆಗಲು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಬೆನ್ನುಚೀಲ ಹೊಲಿಯುವ ಕೆಲಸ ಕರಿಬಸವನದು. ಹನ್ನೊಂದು ವರ್ಷದಲ್ಲಿ ಅವನು ಹೊಲಿದ ಚೀಲಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ದಾರದೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಅಳತೆಗೆ ಒಂದು ಕೋಲಿತ್ತು. ಆಶ್ರಮ ಕಟ್ಟಿದ ಮೊದಲ ಗುರುವಿನ ಚೀಲದ ಹೆಗಲಪಟ್ಟಿ ಎಷ್ಟು ಉದ್ದವಿತ್ತೋ ಕೋಲು ಅಷ್ಟುದ್ದ. ಎರಡು ಪಟ್ಟಿಗಳ ನಡುವೆ ಎಷ್ಟು ಅಂತರವಿತ್ತೋ ಅಲ್ಲಿಗೆ ಒಂದು ಗೀರು. ಮೊದಲ ಗುರು ಆರಡಿ ಎತ್ತರದ ಆಳು, ಬಾಗಿಲಿನಷ್ಟು ಅಗಲದ ಹೆಗಲು ಎಂದು ಹೇಳುತ್ತಿದ್ದರು.

ಹೊಸದಾಗಿ ಬಂದವರು ಶಿಷ್ಯರಾಗಬೇಕಾದರೆ ಆ ಅಳತೆಯ ಚೀಲದಲ್ಲಿ ಹದಿನೈದು ಸೇರು ರಾಗಿ ಹೊತ್ತು, ದಾರಿಯಲ್ಲಿ ಎಲ್ಲೂ ಕೆಳಗಿಳಿಸದೆ, ಬೆಟ್ಟದ ಮೇಲಿನ ದಾಸೋಹದ ಮನೆಗೆ ಮುಟ್ಟಿಸಬೇಕು. ಹತ್ತಿದವರ ಹೆಗಲ ಮೇಲೆ ಪಟ್ಟಿ ಕೊರೆದ ಗುರುತು ಉಳಿಯುತ್ತಿತ್ತು. ಅದಕ್ಕೆ ಗುರುಮುದ್ರೆ ಎಂದು ಹೆಸರು. ಸ್ನಾನದ ಹೊತ್ತಿನಲ್ಲಿ ಹಿರಿಯರು ಒಬ್ಬರದನ್ನೊಬ್ಬರು ನೋಡಿ ತಲೆದೂಗುತ್ತಿದ್ದರು.

ಈಗಿನ ಗುರುಗಳನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಎಲ್ಲಿಗೆ ಹೊರಟರೂ ಅವರ ಬೆನ್ನ ಮೇಲೆ ಹಳೆಯ ಚೀಲವಿರುತ್ತಿತ್ತು. ನಡೆಯುತ್ತ ನಡೆಯುತ್ತ ಎಡಗೈ ಹೆಬ್ಬೆರಳನ್ನು ಪಟ್ಟಿಯ ಕೆಳಗೆ ತೂರಿಸಿ ಆಗಾಗ ಸ್ವಲ್ಪ ಎತ್ತುವರು. ಅದು ಧ್ಯಾನದ ಒಂದು ಕ್ರಮವೆಂದು ತಿಳಿದು ಶಿಷ್ಯರೂ ಹಾಗೆಯೇ ಎತ್ತುವರು. ಬೆನ್ನ ಮೇಲೆ ಚೀಲವಿಲ್ಲದಾಗಲೂ ಎತ್ತುವವರಿದ್ದರು.

ಕರಿಬಸವನೂ ಎತ್ತುತ್ತಿದ್ದ.

ಹೋದ ವರ್ಷ ನೇಕಾರರ ಸಣ್ಣೀರಪ್ಪ ಬಂದಿದ್ದ. ಮೂವತ್ತರ ಆಸುಪಾಸಿನವನು. ತೆಳ್ಳನೆಯ ಮೈ, ಇಳಿಜಾರು ಹೆಗಲು. ಬೆಟ್ಟ ಹತ್ತುವ ಹಿಂದಿನ ದಿನ ಚೀಲ ಹಾಕಿಕೊಂಡು ನೋಡಿ, "ಅಣ್ಣಾ, ಎಡಪಟ್ಟಿ ಜಾರ್ತದೆ," ಎಂದಿದ್ದ.

ಕರಿಬಸವ ಕೋಲು ಹಿಡಿದು ನೋಡಿದ್ದ. "ಪಟ್ಟಿ ಸರಿಯಾಗೇ ಇದೆ. ನಿನ್ನ ಹೆಗಲು ನೆಟ್ಟಗೆ ಮಾಡ್ಕೊ."

ಏಳನೆಯ ತಿರುವಿನಲ್ಲಿ ಪಟ್ಟಿ ಜಾರಿತು. ಚೀಲ ನೆಲ ಮುಟ್ಟಬಾರದೆಂದು ಸಣ್ಣೀರಪ್ಪ ಬಾಗಿ ಹಿಡಿಯಹೋದ. ಚೀಲದ ಜೊತೆಗೇ ಕಮರಿಗೆ ಬಿದ್ದು ತೀರಿಕೊಂಡ.

ಮೇಲೆ ತಂದ ಚೀಲವನ್ನು ಹಿರಿಯ ಶಿಷ್ಯ ಶಂಭಯ್ಯ ಅಳೆಸಿದರು. ಅಳೆದವನು ಕರಿಬಸವನೇ. ಕೋಲಿಗೂ ಪಟ್ಟಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಚೀಲದಲ್ಲಿ ತಪ್ಪಿಲ್ಲ," ಎಂದರು ಶಂಭಯ್ಯ.

ಅಜ್ಜಯ್ಯ ಏನೂ ಹೇಳಲಿಲ್ಲ. ಕರಿಬಸವನೂ ಹೇಳಲಿಲ್ಲ. ಆ ಚೀಲವನ್ನು ಅವನು ತನ್ನ ಹಾಸಿಗೆಯ ತಲೆದೆಸೆಯಲ್ಲಿ ಇಟ್ಟುಕೊಂಡ.

ಈ ವರ್ಷ ಕುಂಬಾರರ ದ್ಯಾಮವ್ವ ಬಂದಳು. ನಲವತ್ತೈದು ದಾಟಿದವಳು. ಗಿಡ್ಡ ಮೈ, ತುಂಬಿದ ಎದೆ. ಮಣ್ಣು ಹೊತ್ತು ಹೊತ್ತು ಎಡಹೆಗಲು ಬಲಹೆಗಲಿಗಿಂತ ಒಂದು ಬೆರಳು ತಗ್ಗು. ಬೆಟ್ಟ ಹತ್ತಲು ಒಂಬತ್ತು ದಿನವಿತ್ತು.

ಕರಿಬಸವ ಅಭ್ಯಾಸದಂತೆ ಒಂದು ಚೀಲವನ್ನು ಅವಳ ಬೆನ್ನಿಗೇರಿಸಿದ. ಚೀಲದ ತಳ ಅವಳ ತೊಡೆಗೆ ಬಡಿಯಿತು. ಪಟ್ಟಿಗಳು ಹೆಗಲ ಅಂಚಿಗೆ ಹೋಗಿ ನಿಂತವು.

ಅವಳು ನಾಲ್ಕು ಹೆಜ್ಜೆ ಹಾಕಿ ನಿಂತಳು. "ಅಣ್ಣಾ, ಎಡಪಟ್ಟಿ ಜಾರ್ತದೆ."

ಕರಿಬಸವ ಕೋಲು ಎತ್ತಿಕೊಂಡ. ಕೈ ಅದನ್ನು ಅವಳ ಹತ್ತಿರಕ್ಕೆ ಒಯ್ಯಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಆ ಕೋಲನ್ನು ತಂದು ಅಜ್ಜಯ್ಯನ ಮುಂದೆ ಇಟ್ಟ.

"ಈ ಕೋಲಿನಿಂದ ಇನ್ನೊಂದು ಚೀಲ ನಾನು ಹೊಲಿಯಲ್ಲ."

ಶಂಭಯ್ಯ ಎದ್ದು ನಿಂತರು. "ಮೊದಲ ಗುರುವಿನ ಹೆಗಲಿಗಿಂತ ದೊಡ್ಡವನಾದೆಯೇನಪ್ಪ?"

"ಮೊದಲ ಗುರುವಿನ ಹೆಗಲು ಮೊದಲ ಗುರುವಿಗೆ ಸರಿಯಾಗಿತ್ತು."

"ಅದಕ್ಕೆ ನಾವು ಹೊಂದಿಕೊಳ್ಳೋದೇ ಸಾಧನೆ."

"ಹಾಗಾದರೆ ನನ್ನ ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತಿ, ಶಂಭಯ್ಯನವರೆ. ನಿಮ್ಮ ಪಾದಕ್ಕೆ ನಾಲ್ಕು ಬೆರಳು ಸಾಲೋದಿಲ್ಲ. ಬಹಳ ಸಾಧನೆ ಆಗ್ತದೆ."

ಹಿಂದೆ ಯಾರೋ ನಕ್ಕರು. ಅಜ್ಜಯ್ಯ ನಗಲಿಲ್ಲ. ಕೈ ಚಾಚಿದರು.

"ದಬ್ಬಣ ಕೊಡು."

ಗೋಣಿ ಹೊಲಿಯುವ ಆ ದಪ್ಪ ಸೂಜಿ ಹನ್ನೊಂದು ವರ್ಷದಿಂದ ಕರಿಬಸವನ ಸೊಂಟದಲ್ಲಿತ್ತು. ತೆಗೆದು ಕೊಟ್ಟ. ಅಜ್ಜಯ್ಯ ಅದನ್ನು ತಮ್ಮ ಚೀಲದೊಳಗೆ ಹಾಕಿಕೊಂಡರು.

"ಈಗ ಕೋಲೂ ಇಲ್ಲ, ದಬ್ಬಣವೂ ಇಲ್ಲ. ಏನು ಉಳಿಯಿತು?"

"ಕಣ್ಣು."

"ಒಂದು ವರ್ಷ ತಡ," ಎಂದರು ಅಜ್ಜಯ್ಯ.

ಮಾತು ನಾಟಬೇಕಾದಲ್ಲೇ ನಾಟಿತು. ಕರಿಬಸವ ತಲೆ ತಗ್ಗಿಸಲಿಲ್ಲ. "ಹೌದು, ತಡ. ತಡವಾಯಿತು ಅಂತ ಸುಮ್ಮನೆ ಕೂರಲ್ಲ."

ಹೊಳೆಯ ಪಕ್ಕದ ಹುಣಸೆಮರದ ಕೆಳಗೆ ಗೋಣಿ ಹಾಸಿಕೊಂಡು ಕೂತ. ಜಾಲಿಮುಳ್ಳಿನಿಂದ ತೂತು ಮಾಡಿ, ಹುರಿಗೆ ಮೇಣ ಹಚ್ಚಿ, ಬೆರಳಿನಿಂದ ತೂರಿಸಿ ಎಳೆದ.

ಶಂಭಯ್ಯ ಸ್ನಾನಕ್ಕೆ ಹೋಗುವಾಗ ನಿಂತು ನೋಡಿದರು. "ದಬ್ಬಣ ಹೋದರೂ ಹಟ ಹೋಗಲಿಲ್ಲ."

"ಮುಳ್ಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ಸ್ವಾಮಿ."

ಎರಡು ದಿನ ದ್ಯಾಮವ್ವನನ್ನು ದೂರದಿಂದಲೇ ನೋಡಿ ಲೆಕ್ಕ ಹಾಕಿದ. ಪಟ್ಟಿ ಮೋಟು ಮಾಡಿದ. ಒಳಗೆ ಕಂಬಳಿ ತುಂಡು ದಪ್ಪವಾಗಿ ತುಂಬಿದ. ಮೂರನೆಯ ದಿನ ಅವಳನ್ನು ಕರೆದು ಹಾಕಿಸಿದ.

"ಹೇಗಿದೆ ದ್ಯಾಮಕ್ಕ?"

"ಎತ್ತಿಗೆ ನೊಗ ಹೂಡಿದ ಹಾಗಿದೆ. ಪಟ್ಟಿ ಎದೆ ಮೇಲೇ ಹಾಯ್ತದೆ, ಉಸಿರು ಕಟ್ತದೆ."

"ಹೆಂಗಸರ ಮೈಗೆ ಅಂತಲೇ ಲೆಕ್ಕ ಹಾಕಿ ಹೊಲಿದೆನಲ್ಲ!"

"ಯಾವ ಹೆಂಗಸರ ಮೈಗೆ?" ಎಂದಳು ದ್ಯಾಮವ್ವ. "ನಾನು ಇಲ್ಲೇ ನಿಂತಿದೀನಿ. ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಕರಿಬಸವ ಕೂತು ಹೊಲಿಗೆಯನ್ನೆಲ್ಲ ಬಿಚ್ಚಿದ. ಬಿಚ್ಚಿದ ಮೇಲೆ ಒಂದು ತುಂಡು ಇದ್ದಿಲು ತಂದು ಅವಳ ಕೈಯಲ್ಲಿಟ್ಟ.

"ಎಲ್ಲಿ ಒತ್ತುತ್ತದೋ ಅಲ್ಲಿ ನೀವೇ ಗೀರಿ."

ಅವಳು ಚೀಲದಲ್ಲಿ ಹೊಳೆಯ ಕಲ್ಲು ತುಂಬಿಕೊಂಡು ದಂಡೆಯುದ್ದಕ್ಕೂ ನಡೆದಳು. ಬಂದು ಗೀರಿದಳು. ಅವನು ಬಿಚ್ಚಿ ಹೊಲಿದ. ಮತ್ತೆ ನಡೆದಳು, ಮತ್ತೆ ಗೀರಿದಳು. ಬಾಯಿಗೆ ಬಂದದ್ದು ಅಂದಳು. ಅವನು ಅದನ್ನೂ ಕೇಳಿಸಿಕೊಂಡ.

ನಾಲ್ಕು ಸಲ ಬಿಚ್ಚಿದ ಮೇಲೆ ಪಟ್ಟಿಗಳ ಬುಡ ಕತ್ತಿನ ಹತ್ತಿರಕ್ಕೆ ಬಂತು. ಚೀಲ ಮೇಲಕ್ಕೇರಿ ತೊಡೆ ಬಿಟ್ಟಿತು. ಪಟ್ಟಿ ನೆಟ್ಟಗೆ ಇಳಿಯುವ ಬದಲು ಕುಡುಗೋಲಿನ ಹಾಗೆ ಬಾಗಿ ಎದೆಯ ಪಕ್ಕದಿಂದ ಕಂಕುಳ ಕೆಳಗೆ ಹಾಯಿತು. ಎಡಪಟ್ಟಿ ಬಲದ್ದಕ್ಕಿಂತ ಒಂದು ಬೆರಳು ಗಿಡ್ಡವಾಯಿತು. ಎರಡೂ ಪಟ್ಟಿ ಹೊರಗೆ ಸರಿಯದ ಹಾಗೆ ಎದೆಯ ಮೇಲ್ಗಡೆ ಒಂದು ಲಾಡಿ. ಭಾರ ಸೊಂಟದ ಮೇಲೆ ಕೂರಲು ಅಗಲವಾದ ಒಂದು ನಡುಪಟ್ಟಿ.

ಕರಿಬಸವ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದ. ಸಲೀಸಾಗಿ ಹೋದವು.

"ಈಗ?"

"ಈಗ ಚೀಲ ಎಲ್ಲಿದೆ ಅಂತ ಹುಡುಕಬೇಕು," ಎಂದಳು ದ್ಯಾಮವ್ವ.

ಒಂಬತ್ತನೆಯ ದಿನ ಬೆಳಿಗ್ಗೆ ಬೆಟ್ಟ ಹತ್ತಿದರು. ಮುಂದೆ ಅಜ್ಜಯ್ಯ, ಬೆನ್ನಲ್ಲಿ ಹಳೆಯ ಚೀಲ, ಎಡಪಟ್ಟಿಯ ಕೆಳಗೆ ಹೆಬ್ಬೆರಳು. ಹಿಂದೆ ರಾಗಿ ಹೊತ್ತ ದ್ಯಾಮವ್ವ. ಅವಳ ಹಿಂದೆ ಕರಿಬಸವ. ಅವನ ಕಣ್ಣು ದಾರಿಯ ಮೇಲಿರಲಿಲ್ಲ.

ಏಳನೆಯ ತಿರುವಿನಲ್ಲಿ ಅವನ ಕೈ ತಾನಾಗಿ ಮುಂದೆ ಚಾಚಿತು.

ಎಡಪಟ್ಟಿ ಇದ್ದಲ್ಲೇ ಇತ್ತು. ದ್ಯಾಮವ್ವ ತಿರುವು ದಾಟಿ ಹೋದಳು. ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು.

ದಾಸೋಹದ ಮನೆಯಲ್ಲಿ ಅವಳು ಚೀಲ ಇಳಿಸಿದಳು. ಶಂಭಯ್ಯ ಒಬ್ಬ ಹಿರಿಯ ಶಿಷ್ಯೆಯನ್ನು ಕರೆದು ಹೆಗಲು ನೋಡಿಸಿದರು.

"ಏನೂ ಇಲ್ಲ," ಎಂದಳು ಆಕೆ. "ಬೆವರು ಅಷ್ಟೆ."

"ಗುರುಮುದ್ರೆ ಬೀಳಲಿಲ್ಲ. ಹಾಗಾದರೆ ಹತ್ತಿದ ಹಾಗಾಗಲಿಲ್ಲ," ಎಂದರು ಶಂಭಯ್ಯ.

ದ್ಯಾಮವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಸಿದು ಬಂದೋರು ರಾಗಿ ತಿಂತಾರೋ, ನನ್ನ ಹೆಗಲು ತಿಂತಾರೋ?"

ಅಜ್ಜಯ್ಯ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ರಾಗಿ ತೆಗೆದು ನೋಡಿದರು. "ಬೀಸೋದಕ್ಕೆ ಹಾಕಿ," ಎಂದರು. ಆಮೇಲೆ ಅವಳಿಗೆ, "ಊಟಕ್ಕೆ ನಮ್ಮ ಸಾಲಿನಲ್ಲೇ ಕೂತ್ಕೊ ತಾಯಿ," ಎಂದರು.



ಕರಿಬಸವನ ಎದೆ ಉಬ್ಬಿತು. ಅವನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಹೊಸ ಕೋಲು ಹೊರತೆಗೆದ. ದ್ಯಾಮವ್ವನ ಪಟ್ಟಿಯಷ್ಟೇ ಉದ್ದ, ಗೀರುಗಳೆಲ್ಲ ಅಚ್ಚುಕಟ್ಟು.

"ಅಜ್ಜಯ್ಯ, ಹೊಸ ಅಳತೆಕೋಲು. ಇನ್ನು ಮುಂದೆ ಹೆಂಗಸರು ಬಂದರೆ ಇದು."

"ಯಾವ ಹೆಂಗಸರು?" ಎಂದು ಕೇಳಿದರು ಅಜ್ಜಯ್ಯ.

ದ್ಯಾಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಕರಿಬಸವ ಕೈಯಲ್ಲಿದ್ದ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಮುದ್ದೆಯ ಎಸರಿನ ಒಲೆಗೆ ಹಾಕಿದ.

ಶಂಭಯ್ಯ ತಾವು ಜೊತೆಗೆ ತಂದಿದ್ದ ಹಳೆಯ ಕೋಲನ್ನು ಎರಡೂ ಕೈಯಿಂದ ಅವುಚಿಕೊಂಡರು.

"ಅದು ಇರಲಿ ಶಂಭಯ್ಯ," ಎಂದರು ಅಜ್ಜಯ್ಯ. "ಬೆಟ್ಟ ಇಳಿಯುವಾಗ ಊರಿಕೊಳ್ಳೋದಕ್ಕೆ ಆಗ್ತದೆ."

ಎಲ್ಲರೂ ನಕ್ಕರು. ಕರಿಬಸವ ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಅಜ್ಜಯ್ಯನೆದುರು ನಿಂತ.

"ಸಣ್ಣೀರಪ್ಪ ಬಿದ್ದ ದಿನ ನೀವು ಮಾತಾಡಲಿಲ್ಲ. ಕೋಲು ತಪ್ಪು ಅಂತ ನಿಮಗೆ ಆಗಲೇ ಗೊತ್ತಿತ್ತಾ?"



"ಗುರುಗಳನ್ನು ಹಾಗೆಲ್ಲ ಕೇಳಬಾರದು," ಎಂದರು ಶಂಭಯ್ಯ.

"ಕೇಳ್ತೀನಿ. ಅವನು ನನಗೆ ಹೇಳಿದ್ದ. ನಾನು ಅವನ ಹೆಗಲು ನೋಡಲಿಲ್ಲ, ಕೋಲು ನೋಡಿದೆ. ಆ ತಪ್ಪು ನನ್ನದು, ದಿನಾ ಹೊರ್ತಿದೀನಿ. ನಿಮಗೆ ಗೊತ್ತಿತ್ತಾ, ಹೇಳಿ."

ಅಜ್ಜಯ್ಯ ಹಳೆಯ ಚೀಲವನ್ನು ಬೆನ್ನಿನಿಂದ ನಿಧಾನವಾಗಿ ಇಳಿಸಿದರು. ಚೀಲ ಇಳಿದ ಮೇಲೂ ಎಡಗೈ ಹೆಬ್ಬೆರಳು ಹೆಗಲ ಹತ್ತಿರವೇ ಎತ್ತಿಕೊಂಡು ನಿಂತಿತ್ತು. ಒಳಗೆ ತಡಕಿ ದಬ್ಬಣ ತೆಗೆದು ಕರಿಬಸವನ ಅಂಗೈಯಲ್ಲಿಟ್ಟರು. ಶಲ್ಯ ಸರಿಸಿದರು. ಎಡಹೆಗಲ ಮೇಲೆ ಕಪ್ಪಗೆ ಒಂದು ತೋಡು, ಬೆರಳು ಮುಳುಗುವಷ್ಟು ಆಳ.

ಅವರು ಶಿಷ್ಯನಿಗೆ ಬೆನ್ನು ಮಾಡಿ ಕೂತರು.

"ಅಳತೆ ತೆಗೆದುಕೋ," ಎಂದರು. "ನಲವತ್ತು ವರ್ಷದಿಂದ ನೋಯ್ತಿದೆ. ಮೊದಲ ದಿನವೇ ಹೇಳಬೇಕಿತ್ತು."