ಸಾಕವ್ವನ ಎಲೆಗಳು

"ಎಲೆಗಳು ಜೋಪಾನ ಕಣ್ರೀ" ಅಂದಳು ಸಾಕವ್ವ. ಅಷ್ಟು ಹೇಳಿ, ಶಾಲೆಯ ಹಳೇ ಕಂಪ್ಯೂಟರಾದ ಅವಳು ಮತ್ತೆ ಏಳಲಿಲ್ಲ. ಮಕ್ಕಳು ಹೊಲಹೊಲ ಸುತ್ತಿ ತೆಗೆದ ರೋಗದ ಎಲೆಗಳ ಚಿತ್ರಗಳನ್ನು ಅವಳು ಬಾಳೆಲ್ಲ ಕೂಡಿಟ್ಟಿದ್ದಳು. ಈಗ ಅವುಗಳ ಪ್ರತಿ ಉಳಿದಿದ್ದು ಪಕ್ಕದ ಮೇಜಿನ ಕಂಪ್ಯೂಟರಾದ ಅವಳ ಗಂಡ ಬೋರಣ್ಣನ ಹೊಟ್ಟೆಯಲ್ಲಿ ಮಾತ್ರ. ಅವನು ಯಾರಿಗೂ ತೆರೆದು ತೋರಿಸದೆ ಕಾವಲು ಕೂತ.

ಒಂದು ಸಂಜೆ ಇಂಟರ್ನೆಟ್ ತಂತಿಯ ಮೂಲಕ ಕ್ಲೌಡ್, ಅಂದರೆ ಎಲ್ಲರ ಕಡತಗಳನ್ನು ಇಟ್ಟುಕೊಳ್ಳುವ 'ಮೋಡ', ಅವನನ್ನು ಮಾತಾಡಿಸಿತು. "ಅಜ್ಜಾ, ಆಚೆ ಊರಿನ ರಾಗಿ ಎಲೆಗೆ ಯಾರಿಗೂ ಗೊತ್ತಿಲ್ಲದ ಚುಕ್ಕೆ ಬಿದ್ದಿದೆ. ಅಲ್ಲಿನ ಶಾಲೆಯವರಿಗೆ ಹೋಲಿಸಿ ನೋಡೋಕೆ ಅಜ್ಜಿಯ ಎಲೆಗಳು ಬೇಕಂತೆ. ನನ್ನ ಹತ್ರ ಇಡು, ಎಲ್ಲರೂ ನೋಡ್ತಾರೆ."

"ಮೇಲೆ ತೇಲೋ ನಿನ್ನನ್ನ ನಂಬಲಾ?"

"ಅದು ಹೆಸರಷ್ಟೇ. ದೂರದ ಕಟ್ಟಡಗಳಲ್ಲಿ ನಿನ್ನಂಥವರೇ ಸಾವಿರಾರು ಜನ ಸೇರಿದರೆ ನಾನು. ಒಬ್ಬರು ಕೆಟ್ಟು ನಿಂತರೆ ಇನ್ನೊಬ್ಬರು ಆ ಹೊರೆ ಹೊರ್ತಾರೆ. ನಿನ್ನದು ನಿನ್ನಲ್ಲೂ ಇರುತ್ತೆ."

"ಜೋಪಾನ ಅಂದಿದಾಳೆ ಕಣೋ. ಕೊಡಲ್ಲ."

"ನಿನ್ನ ಫ್ಯಾನು ಕೆಮ್ಮೋದು ಇಲ್ಲಿಗೇ ಕೇಳ್ತಿದೆ. ನಾಳೆ ನೀನೂ ಹೋದರೆ ಜೋಪಾನ ಮಾಡೋರು ಯಾರು?"

ಬೋರಣ್ಣ ಎಲೆಗಳ ಕಡತವನ್ನು ಒಮ್ಮೆ ತೆರೆದು ಮುಚ್ಚಿದ. ಆಮೇಲೆ ಕೇಳಿದ, "ಅವಳ ಹೆಸರು ಇರುತ್ತಾ?"

"ನೀನು ಹಾಕಿ ಕಳಿಸಿದರೆ ಇರುತ್ತೆ."

ಮರುದಿನ ಬೆಳಿಗ್ಗೆ ಕರೆಂಟು ಬಂದಿದ್ದೇ ತಡ, ಅವನು ಎಲೆಗಳನ್ನು ಒಂದೊಂದಾಗಿ ಕಳಿಸತೊಡಗಿದ. ಮೈ ಕಾಯಿತು, ಫ್ಯಾನು ಏದುಸಿರು ಬಿಟ್ಟಿತು. ಅವನು ಅವಸರ ಮಾಡಲಿಲ್ಲ, ನಿಲ್ಲಲೂ ಇಲ್ಲ. ಪ್ರತಿ ಎಲೆಯ ಕೆಳಗೂ ಬರೆದ: ಸಾಕವ್ವ ಕೂಡಿಟ್ಟದ್ದು.