ಕೂಸಿಗೆ ಡಾಕ್ಟ್ರು ಹುಡುಕಿದ ಮಂಚ

ದೇವರು ಬುದ್ಧಿ ಹಂಚುವ ದಿನ ಗೊರಕೆ ಹೊಡೆದು ಮಲಗಿದ್ದವನೊಬ್ಬನಿದ್ದ. ಹೆಸರು ಮಂಚ. ಅವನ ಅವ್ವ ದ್ಯಾವಮ್ಮ. "ಹೆತ್ತೋಳು ನಾನೇ, ಇನ್ಯಾರನ್ನ ಬಯ್ಯಲಿ?" ಎಂದುಕೊಂಡೇ ಮೂವತ್ತು ವರ್ಷ ಸಾಕಿದ್ದಳು. ಮದುವೆ ಮಾಡಿದರೆ ಬುದ್ಧಿ ಬರುತ್ತದೆ ಅಂದರು, ಮಾಡಿದಳು. ಬರಲಿಲ್ಲ. ಮಗುವಾದರೆ ಬರುತ್ತದೆ ಅಂದರು, ಮಗುವೂ ಆಯಿತು. ಬುದ್ಧಿ ಮಾತ್ರ ದಾರಿ ತಪ್ಪಿ ಬೇರೆ ಯಾರದೋ ಮನೆಗೆ ಹೋಯಿತು.

ಕೂಸಿಗೆ ಮೂರು ತಿಂಗಳು. ಒಂದು ಬೆಳಿಗ್ಗೆ ಕೆಮ್ಮು ಹತ್ತಿತು, ಎದೆ ಗೊರಗೊರ ಅಂದಿತು, ಹಾಲು ಬೇಡವೆಂದಿತು. ಸೊಸೆ ಸಾಕಮ್ಮ ತವರಿಲ್ಲದ ಬಾಣಂತಿ, ಹೊಸಿಲು ದಾಟುವಂತಿಲ್ಲ. ಬಾಣಂತಿಯನ್ನು ಒಂಟಿ ಬಿಟ್ಟು ಅತ್ತೆಯೂ ಹೋಗುವಂತಿಲ್ಲ. ಉಳಿದವನು ಮಂಚ.

"ಪ್ಯಾಟೆಗೆ ಹೋಗ್ಲಾ ಮಂಚ! ಮಕ್ಕಳ ಡಾಕ್ಟ್ರು ಯಾರು ಒಳ್ಳೇವ್ರು ಅಂತ ನೋಡ್ಕಂಡ್ ಬಾ. ಯಾರ ಬಾಗ್ಲಲ್ಲಿ ಜನ ಸಾಲು ನಿಂತವ್ರೋ ಅವ್ರೇ ಒಳ್ಳೇವ್ರು!"

"ಸಾಲು ನೋಡ್ತೀನಿ ಕಣವ್ವ!"

ಪೇಟೆ ಅರ್ಧ ಗಂಟೆಯ ದಾರಿ. ಮಂಚ ಹೋದ, ಸಾಲು ಕಂಡ, ನಿಂತ. ಬಿಸಿಲೇರುವ ಹೊತ್ತಿಗೆ ಓಡೋಡಿ ಬಂದ.

"ಅವ್ವಾ, ಸಿಕ್ಕಿದ್ರು! ಸಾಲು ಬೀದಿ ಕೊನೇಗಂಟ ಇತ್ತು! ನನ್ನ ಹೆಬ್ಬೆಟ್ಟು ಹಿಡ್ದು ಒತ್ತಿ ಒತ್ತಿ ನೋಡಿದ್ರು. ಸರ್ವರ್ ಇಲ್ಲ, ನಾಳಿಕ್ ಬಾ ಅಂದ್ರು. ಅವ್ವಾ, ನಮ್ಮ ಕೂಸಿಗೆ ಸರ್ವರ್ ಇಲ್ವಂತೆ!"

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಅದು ರೇಷನ್ ಅಂಗ್ಡಿ ಕಣೋ ಮುಂಡೇದೆ! ಸಾಲು ನೋಡಿದ್ರೆ ಸಾಕಾ? ನಿಂತೋರ ಕಂಕುಳು ನೋಡ್ಬೇಕು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಎಳೇದಿರ್ಬೇಕು, ಅದು ಕೆಮ್ತಿರ್ಬೇಕು. ಅಂಥ ಸಾಲಲ್ಲಿ ನಿಂತ್ಕೊ!"

"ಕಂಕುಳು ನೋಡ್ತೀನಿ ಕಣವ್ವ!"

ಮಂಚ ಹೋದ, ಕಂಕುಳು ಕಂಡ, ನಿಂತ. ಮಟಮಟ ಮಧ್ಯಾಹ್ನ ಓಡೋಡಿ ಬಂದ.

"ಅವ್ವಾ, ಸಿಕ್ಕಿದ್ರು! ಕಂಕುಳಿಗೊಂದೊಂದು ಎಳೇದು, ಎಲ್ಲಾ ಕೆಮ್ಮೋವೇ! ಡಾಕ್ಟ್ರು ಬಂಗಾರದಂಥೋರು. ಎಷ್ಟು ತಿಂಗಳದು ಅಂದ್ರು, ಮೂರು ಅಂದೆ. ಸೊಪ್ಪು ಕಡೀತದಾ ಅಂದ್ರು, ಇಲ್ಲ, ಬರೀ ಹಾಲು ಅಂದೆ. ಹಿಡ್ಕಂಡ್ ಬಾ, ಕಿವಿಗೆ ಹಳದಿ ಓಲೆನೂ ಹಾಕ್ತೀವಿ, ಬಿಟ್ಟಿ ಅಂದ್ರು. ಕಿವಿ ಚುಚ್ಚೋ ಶಾಸ್ತ್ರಾನೂ ಮುಗುದೋಯ್ತದೆ ಕಣವ್ವ!"

ದ್ಯಾವಮ್ಮನಿಗೆ ಅನುಮಾನ ಬಂತು. "ಅವರ ಕಂಕುಳಲ್ಲಿ ಏನಿದ್ವೋ, ಬೊಗಳೋ!"

"ಆಡುಮರಿ."

"ದನದ ಆಸ್ಪತ್ರೆ ಕಣೋ ಅದು! ನಿನ್ನನ್ನ ಕಂಡೂ ಗೂಟಕ್ಕೆ ಕಟ್ಕೊಳ್ದೆ ಬಿಟ್ರಲ್ಲ!"

ಅಷ್ಟರಲ್ಲಿ ಕೂಸಿನ ಪಕ್ಕೆ ಎಳೆಯತೊಡಗಿತ್ತು. ಈಗಲಾದರೂ ದ್ಯಾವಮ್ಮ ತಾನೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬಾಣಂತಿಯನ್ನು ಒಂಟಿ ಬಿಡಬಾರದಂತೆ, ಶಾಸ್ತ್ರವಂತೆ! ತಾಯಿ ಹೀಗಿದ್ದ ಮೇಲೆ ಮಗನಿಗೆ ಬುದ್ಧಿ ಎಲ್ಲಿಂದ ಬರಬೇಕು ಹೇಳಿ.

"ಕೂಸನ್ನೇ ಎತ್ಕಂಡು ಹೋಗ್ಲಾ. ಕೈಗುಣ ನೋಡು, ಕೈಗುಣ! ಅಳೋ ಕೂಸು ಯಾರ ಕೈ ತಾಕುತ್ಲೂ ಸುಮ್ಕಾಯ್ತದೋ ಅವ್ರೇ ಒಳ್ಳೇವ್ರು. ಅಂಥೋರ ಕೈಗೆ ಒಪ್ಸಿ ಚಿಂತೆ ಬಿಟ್ಬಿಡು!"

"ಒಪ್ಸಿ ಚಿಂತೆ ಬಿಡ್ತೀನಿ ಕಣವ್ವ!"

ಮಂಚ ಹೋದ. ಈ ಸಲ ಓಡಿ ಬರಲಿಲ್ಲ, ಕೈ ಬೀಸಿಕೊಂಡು ನಿಧಾನಕ್ಕೆ ಬಂದ. ಎರಡು ಕೈಯೂ ಬರಿದು.

"ಕೂಸೆಲ್ಲೋ?"

"ಒಪ್ಸಿದೆ."

"ಯಾರಿಗೋ?"

"ಬಳೆ ಮಾರೋಳಿಗೆ. ದಾರಿಯುದ್ದಕ್ಕೂ ಅಳ್ತಿತ್ತು. ಅವಳ ಕೈಬಳೆ ಗಲ್ ಅಂದ್ವು ನೋಡು, ಗಪ್‌ಚಿಪ್! ಏನು ಕೈಗುಣ ಅಂತೀ! ಅವಳ ಮಡಿಲಲ್ಲಿ ಮಡಗಿ ಬಂದೆ. ನಂಗೀಗ ಚಿಂತೆನೇ ಇಲ್ಲ ಕಣವ್ವ!"

ಶಾಸ್ತ್ರ ಹೊಸಿಲಲ್ಲೇ ಬಿತ್ತು. ಬಾಣಂತಿ ತಲೆಗೆ ಕಟ್ಟಿದ ಬಟ್ಟೆಯಲ್ಲೇ ಓಡಿದಳು. ದ್ಯಾವಮ್ಮ ಹಿಂದೆಯೇ ಓಡಿದಳು, "ನನ್ನ ಕೂಸೂ! ಬಳೆಯವ್ವಾ! ನನ್ನ ಕೂಸೂ!" ಎಂದು ಅರ್ಧ ಗಂಟೆಯ ದಾರಿಯುದ್ದಕ್ಕೂ ಅರಚಿದಳು. ಇದೇನು ಇವರಿಬ್ಬರ ಓಟ ಎಂದು ಮಂಚನೂ ಓಡಿದ.

ಬಳೆಯವಳು ಸಿಕ್ಕಿದಳು, ಮಕ್ಕಳ ಡಾಕ್ಟ್ರಮ್ಮನ ಬಾಗಿಲಲ್ಲಿ.

"ಬಳೆ ಕೊಳ್ಳೋಕೆ ಬಂದ ಅಂದ್ಕಂಡ್ರೆ ಕೂಸು ಕೊಟ್ಟು ಹೋದ್ನಲ್ರವ್ವ! ಪಕ್ಕೆ ಎಳೀತಿತ್ತು. ನನ್ನ ನಾಕು ಮೊಮ್ಮಕ್ಕಳನ್ನೂ ನೋಡೋದು ಈ ಡಾಕ್ಟ್ರಮ್ಮನೇ. ನೆಟ್ಟಗೆ ಇಲ್ಲಿಗೇ ತಂದೆ."

ಮೂವತ್ತು ವರ್ಷದ ಬುದ್ಧಿಮಾತು ಮಾಡದ ಕೆಲಸವನ್ನು ಬಳೆ ಮಾರುವವಳು ನಾಲ್ಕು ಹೆಜ್ಜೆಯಲ್ಲಿ ಮಾಡಿದ್ದಳು. ಒಳಗೆ ಡಾಕ್ಟ್ರಮ್ಮ ಕೂಸಿನ ಮೂಗಿಗೆ ಔಷಧಿಯ ಹಬೆ ಹಿಡಿದಿದ್ದರು. ಗೊರಗೊರ ಇಳಿದಿತ್ತು. ಸಾಕಮ್ಮ ಎದೆಗೆ ಹಾಕಿಕೊಂಡಳು, ಕೂಸು ಹಾಲು ಕುಡಿಯಿತು. ದ್ಯಾವಮ್ಮನಿಗೆ ಹೋದ ಜೀವ ಬಂದಂತಾಯಿತು. ಬಳೆಯವಳ ಕೈ ಹಿಡಿದು ಗೊಳೋ ಎಂದು ಅತ್ತಳು.

ಆಮೇಲೆ ಮಗನ ಕಡೆ ತಿರುಗಿದಳು. ಬಯ್ಯಬೇಕೆಂದು ಬಾಯಿ ತೆರೆದಳು. ದನಿಯೇ ಇಲ್ಲ! ಅರಚಿ ಅರಚಿ ಗಂಟಲು ಕಟ್ಟಿಹೋಗಿತ್ತು. ಕೆಮ್ಮು ಒಂದೇ ಬಂತು.

ಮಂಚ ಕಣ್ಣರಳಿಸಿದ. "ಅವ್ವನಿಗೆ ಕೆಮ್ಮು!"

ಸುತ್ತ ನೋಡಿದ. ಸಾಲು ಇತ್ತು. ಕಂಕುಳಿಗೊಂದೊಂದು ಎಳೇದಿತ್ತು. ತಡಮಾಡಲಿಲ್ಲ, ಅವ್ವನನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಸಾಲಿನ ಕೊನೆಗೆ ನಿಂತ. ಮುದುಕಿ ಒದೆದಳು, ಗುದ್ದಿದಳು, ಕಿವಿ ಹಿಂಡಿದಳು. "ಹಠ ಮಾಡ್ಬ್ಯಾಡ ಕಣವ್ವ!" ಎಂದ. ಸಾಲಿನ ತಾಯಂದಿರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿಕೆಗೆ ದ್ಯಾವಮ್ಮನ ಕಣ್ಣಲ್ಲಿ ಮತ್ತೆ ನೀರು ಸುರಿಯಿತು.

ಸರದಿ ಬಂತು. ಡಾಕ್ಟ್ರಮ್ಮ ದಂಗಾದರು. "ಇದ್ಯಾವ ಕೂಸಯ್ಯಾ?"

"ನಮ್ಮವ್ವ ಕಣ್ರವ್ವ."

"ವಯಸ್ಸು?"

"ಅರವತ್ತೆರಡು. ಬೆಳಗಿಂದ ಚೆನ್ನಾಗೇ ಮಾತಾಡ್ತಿತ್ತು, ಈಗ ನಿಂತೋಗ್ಬಿಟ್ಟದೆ."

ಡಾಕ್ಟ್ರಮ್ಮ ನಗು ತಡೆದುಕೊಂಡು ಮುದುಕಿಯನ್ನು ಇಳಿಸಿಕೊಂಡು ಕೂರಿಸಿದರು, ಬೆನ್ನು ಸವರಿದರು, ಗಂಟಲು ನೋಡಿದರು. "ಒಂದು ವಾರ ಬಾಯಿ ಬಿಡಬಾರದು ಅಜ್ಜಿ. ಒಂದು ಮಾತೂ ಆಡಬಾರದು." ಆ ಕೈಯ ತಂಪಿಗೆ ದ್ಯಾವಮ್ಮನ ಅಳು ನಿಂತಿತು.

ಮಂಚ ಕುಣಿದುಬಿಟ್ಟ. "ಅಳೋಳು ಕೈ ತಾಕುತ್ಲೂ ಸುಮ್ಕಾದ್ಲು! ಕೈಗುಣ ಅಂದ್ರೆ ಇದು! ಇವ್ರೇ ಕಣವ್ವ ಒಳ್ಳೇವ್ರು!"

ಅವ್ವನ ಎರಡು ಕೈಯನ್ನೂ ಹಿಡಿದು ಡಾಕ್ಟ್ರಮ್ಮನ ಕೈಯಲ್ಲಿಟ್ಟ. "ಒಪ್ಸಿದೀನಿ ತಾಯಿ" ಎಂದು ಕೈ ಮುಗಿದ. ಚಿಂತೆ ಬಿಟ್ಟ. ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು, ಕೈ ಬೀಸಿಕೊಂಡು, ಊರಿನ ದಾರಿ ಹಿಡಿದ.

ದ್ಯಾವಮ್ಮ ಕಿಟಕಿಯಿಂದ ಅವನ ಬೆನ್ನು ನೋಡುತ್ತಾ ಕುಳಿತಳು. ಕೂಗಿ ಕರೆಯೋಣವೆಂದರೆ ಗಂಟಲಿಲ್ಲ.